19ನೇ ಶತಮಾನದ ಅಮೆರಿಕದಲ್ಲಿ ವಿಸ್ಕಿ ‘ಔಷಧಿ’ ಆಗಿದ್ದು ನೆಪಕ್ಕೋ, ನಂಬಿಕೆಯಿಂದಲೋ?

ಹಳೇಸೀಸೆ
ಕೌಬಾಯ್ ಸಿನಿಮಾಗಳಲ್ಲಿ ಗುಂಡೇಟು ತಿಂದವನ ಬಾಯಿಗೆ ಅರ್ಧ ಬಾಟಲಿ ವಿಸ್ಕಿ ಸುರಿದು, ಉಳಿದದ್ದನ್ನು ಗಾಯದ ಮೇಲೆ ಹುಯ್ಯುತ್ತಾರಲ್ಲ, ಅಲ್ಲಿಂದ ಶುರುವಾದ ಅನುಮಾನ ಇದು. ಈಗ ಆ ಕಾಲದ ಅಮೆರಿಕದ ಕುಡಿತದ ಚರಿತ್ರೆ ಓದುತ್ತಿದ್ದೇನೆ. ಕುಡಿಯದೆಯೇ ತಲೆ ಗಿರ್ರೆನ್ನುತ್ತಿದೆ.

1830ರ ಸುಮಾರಿಗೆ 15 ವರ್ಷ ದಾಟಿದ ಅಮೆರಿಕನ್ನರು ತಲಾ ವರ್ಷಕ್ಕೆ ಸುಮಾರು 7 ಗ್ಯಾಲನ್ ಶುದ್ಧ ಆಲ್ಕೋಹಾಲ್ ಕುಡಿಯುತ್ತಿದ್ದರು ಅಂತ ಇತಿಹಾಸಕಾರರ ಅಂದಾಜು. ನಮ್ಮ ಲೆಕ್ಕಕ್ಕೆ ತಂದು ನೋಡಿದೆ. 26 ಲೀಟರ್ ಚಿಲ್ಲರೆ ಆಯ್ತು. ಶೇ. 40ರ ವಿಸ್ಕಿ ಅಂತ ಹಿಡಿದರೆ 66 ಲೀಟರ್. ಭಾಗಿಸಿದರೆ ದಿನಕ್ಕೆ 180 ಎಂಎಲ್. ವೈನ್‌ಶಾಪ್ ಭಾಷೆಯಲ್ಲಿ ದಿನಕ್ಕೊಂದು ಕ್ವಾರ್ಟರ್! ಅದೂ ಸರಾಸರಿ. ಅಪರೂಪಕ್ಕೆ ಕುಡಿಯುವವರು, ಮುಟ್ಟದವರು ಎಲ್ಲರನ್ನೂ ಸೇರಿಸಿ. ಹಾಗಾದರೆ ನಿಜವಾದ ಕುಡುಕ ಎಷ್ಟು ಏರಿಸುತ್ತಿದ್ದ ಅಂತ ನೀವೇ ಊಹಿಸಿ.

ನನ್ನ ಪ್ರಶ್ನೆ: ಜ್ವರಕ್ಕೆ, ಕಾಲರಾಕ್ಕೆ, ಹಾವು ಕಚ್ಚಿದ್ದಕ್ಕೆ, ಅಜೀರ್ಣಕ್ಕೆ, ಎಲ್ಲದಕ್ಕೂ ವಿಸ್ಕಿ ಬ್ರಾಂಡಿ ಕೊಡುತ್ತಿದ್ದರಲ್ಲ, ವೈದ್ಯರು ಅದನ್ನು ನಿಜವಾಗಿ ನಂಬಿದ್ದರಾ? ಅಥವಾ ಕುಡಿಯೋಕೆ ಅದೊಂದು ನೆಪವಾ?

ಜವಾರಿ_ರೊಟ್ಟಿ
ನೆಪಾನೇ ರೀ. ಇದರಾಗ ಕೇಳೂದೇನೈತಿ? ಕುಡಿಯಾಂವಗ ಮಳಿ ಬಂದ್ರೂ ನೆಪ, ಬಿಸಲು ಬಿದ್ರೂ ನೆಪ. ಡಾಕ್ಟರ್ ಚೀಟಿ ಬರದು ಕೊಟ್ರಂತೂ ಮುಗದs ಹೋತು.

ಮದ್ದಿನಂಗಡಿ
ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ರೊಟ್ಟಿಯವರೇ, ಅಷ್ಟು ಸುಲಭ ಇಲ್ಲ. ಆ ಕಾಲದ ವೈದ್ಯನ ಚೀಲದಲ್ಲಿ ಏನಿತ್ತು ನೋಡಿ. ನರ ಕೊಯ್ದು ರಕ್ತ ತೆಗೆಯೋ ಚಾಕು. ಭೇದಿ ಮಾಡಿಸೋಕೆ ಕ್ಯಾಲೋಮೆಲ್ ಅನ್ನೋ ಪಾದರಸದ ಪುಡಿ, ಅದು ಹೆಚ್ಚಾದರೆ ವಸಡು ಕೊಳೆತು ಹಲ್ಲು ಉದುರುತ್ತಿತ್ತು. ವಾಂತಿ ಮಾಡಿಸೋ ಮದ್ದು. ಅಫೀಮು. ಕ್ವಿನೈನ್. ಇವುಗಳ ಸಾಲಿನಲ್ಲಿ ಒಂದು ಔನ್ಸ್ ಬ್ರಾಂಡಿ ತೀರ್ಥ ಇದ್ದ ಹಾಗೆ. ಕೊಟ್ಟ ಕೂಡಲೇ ಮುಖ ಕೆಂಪೇರುತ್ತೆ, ಮೈ ಬೆಚ್ಚಗಾಗುತ್ತೆ, ನಾಡಿ ಜೋರಾಗುತ್ತೆ, ರೋಗಿ ಎದ್ದು ಮಾತಾಡ್ತಾನೆ. ರೋಗ ಅಂದರೆ ಜೀವಶಕ್ತಿ ಕುಂದೋದು, ಚಿಕಿತ್ಸೆ ಅಂದರೆ ಅದನ್ನು ಎತ್ತಿ ನಿಲ್ಲಿಸೋದು ಅಂತ ಓದಿಕೊಂಡು ಬಂದವನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಸೋರಿಹೋಗ್ತಿದೆ, ಮೈ ವಾಸ್ತವದಲ್ಲಿ ತಣ್ಣಗಾಗ್ತಿದೆ ಅನ್ನೋದು ಬರಿಗಣ್ಣಿಗೆ ಕಾಣೋದಿಲ್ಲ.

1860ರ ಹೊತ್ತಿಗೆ ಲಂಡನ್ನಿನ ರಾಬರ್ಟ್ ಬೆಂಟ್ಲಿ ಟಾಡ್ ಅನ್ನೋ ವೈದ್ಯನ ಪದ್ಧತಿ ಅಮೆರಿಕಕ್ಕೂ ಹರಡಿತ್ತು. ವಿಷಮಶೀತಜ್ವರ, ನ್ಯುಮೋನಿಯಾ ಬಂದವರಿಗೆ ಸ್ವಲ್ಪ ಸ್ವಲ್ಪ ಬ್ರಾಂಡಿಯನ್ನು ಹಗಲೂ ರಾತ್ರಿ ಬಿಡದೆ ಕುಡಿಸೋದು. ಔಷಧಿಶಾಸ್ತ್ರದ ಪುಸ್ತಕದಲ್ಲಿ ವಿಸ್ಕಿಗೆ ಲ್ಯಾಟಿನ್ ಹೆಸರೂ ಇತ್ತು, ಸ್ಪಿರಿಟಸ್ ಫ್ರುಮೆಂಟಿ.

ಇನ್ನೊಂದು ತಮಾಷೆ. ಸಾರಾಯಿಯ ವಿರುದ್ಧ ಅಮೆರಿಕದಲ್ಲಿ ಮೊದಲು ದೊಡ್ಡ ದನಿ ಎತ್ತಿದ್ದೂ ವೈದ್ಯನೇ. ಫಿಲಡೆಲ್ಫಿಯಾದ ಬೆಂಜಮಿನ್ ರಶ್, ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. 1784ರಲ್ಲಿ ಬಟ್ಟಿ ಇಳಿಸಿದ ಮದ್ಯದ ದುಷ್ಪರಿಣಾಮಗಳ ಬಗ್ಗೆ ಬರೆದ. ಆದರೆ ಬಿಯರ್, ಸೈಡರ್, ವೈನ್ ಮಿತವಾಗಿ ಕುಡಿದರೆ ಒಳ್ಳೆಯದು ಅಂದ. ಬಟ್ಟಿ ಸಾರಾಯಿಗೂ ಎರಡು ಸಂದರ್ಭಗಳಲ್ಲಿ ವಿನಾಯಿತಿ ಕೊಟ್ಟ: ಶಕ್ತಿಗುಂದಿ ಬವಳಿ ಬಂದಾಗ, ಬಹಳ ಹೊತ್ತು ಚಳಿ ಮಳೆಯಲ್ಲಿ ನೆಂದಾಗ. ವೈರಿಯೇ ಹಿತ್ತಲ ಬಾಗಿಲಿಗೆ ಚಿಲಕ ಹಾಕಲಿಲ್ಲ.

ಕುಡ್ಲದ_ಪೋರ
ಹಾವಿನ ವಿಷಯ ಹೇಳಿ ಮಾರಾಯ್ರೆ. ಅದು ನಿಜವಾ? ಮತ್ತೆ ನಮ್ಮ ದ್ರಾಕ್ಷಾರಿಷ್ಟದಲ್ಲೂ ಆಲ್ಕೋಹಾಲ್ ಉಂಟಲ್ಲ, ಅದೂ ಇದೂ ಒಂದೇ ಅಲ್ವಾ?

ಮದ್ದಿನಂಗಡಿ
ಹಾವಿನದು ನಿಜ. ರ್‍ಯಾಟಲ್ ಹಾವಿನ ವಿಷ ಹೃದಯವನ್ನು ಕುಗ್ಗಿಸುತ್ತೆ, ವಿಸ್ಕಿ ಉಬ್ಬಿಸುತ್ತೆ, ಆದ್ದರಿಂದ ಒಂದಕ್ಕೊಂದು ಸರಿಹೋಗುತ್ತೆ ಅಂತ ತರ್ಕ. ಸಣ್ಣ ಪ್ರಮಾಣ ಅಲ್ಲ, ಬಾಟಲಿಗಟ್ಟಲೆ. ಕಚ್ಚಿಸಿಕೊಂಡವನಿಗೆ ಅಮಲೇರದಿದ್ದರೆ ‘ನೋಡಿ, ಒಳಗೆ ವಿಷದ ಜೊತೆ ಹೊಡೆದಾಡ್ತಿದೆ’ ಅಂತ ಇನ್ನೂ ಕುಡಿಸುತ್ತಿದ್ದರು. ಬದುಕಿದರೆ ವಿಸ್ಕಿ ಉಳಿಸಿತು, ಸತ್ತರೆ ಹಾವು ಕೊಂದಿತು. ಇಂಥ ಲೆಕ್ಕದಲ್ಲಿ ಮದ್ದಿಗೆ ಸೋಲೇ ಇಲ್ಲ. ಅಷ್ಟು ಹೆಂಡ ಹೊಟ್ಟೆಗೆ ಹೋದದ್ದರಿಂದಲೇ ಸತ್ತವರೂ ಇರಬೇಕು, ಅದು ಯಾವ ಖಾತೆಗೂ ಬರಲಿಲ್ಲ.

ಅರಿಷ್ಟ ಬೇರೆ. ಅಲ್ಲಿ ಕಷಾಯ, ಬೆಲ್ಲ, ಧಾತಕಿ ಹೂವು ಹಾಕಿ ಮುಚ್ಚಿಟ್ಟಾಗ ಹುಳಿತು ತಾನಾಗಿ ಹುಟ್ಟೋ ಆಲ್ಕೋಹಾಲ್, ಸಾಮಾನ್ಯವಾಗಿ ಶೇ. 12ರ ಒಳಗೆ. ಅಮೆರಿಕದ ಟಾನಿಕ್‌ಗಳಲ್ಲಿ ಬಟ್ಟಿ ಇಳಿಸಿದ ಸ್ಪಿರಿಟ್ಟನ್ನೇ ತಂದು ಸುರಿಯುತ್ತಿದ್ದರು.

ಓಹಿಯೋ_ಕನ್ನಡತಿ
ನಮಸ್ಕಾರ. ಈ ಕಡೆ ವಾಸ, ಹಾಗಾಗಿ ಒಂದೆರಡು ಮಾತು.

‘ಇಷ್ಟೊಂದು ಯಾಕೆ ಕುಡಿದರು’ ಅನ್ನೋದಕ್ಕೆ ಉತ್ತರ ಆಸ್ಪತ್ರೆಯಲ್ಲಿಲ್ಲ, ಮೆಕ್ಕೆಜೋಳದ ಹೊಲದಲ್ಲಿದೆ. ಅಪಲೇಷಿಯನ್ ಬೆಟ್ಟದ ಈಚೆ ಓಹಿಯೋ, ಕೆಂಟಕಿ, ಪಶ್ಚಿಮ ಪೆನ್ಸಿಲ್ವೇನಿಯಾದಲ್ಲಿ ಬೆಳೆ ಬೇಕಾದಷ್ಟು. ಮಾರುಕಟ್ಟೆ ಬೆಟ್ಟದ ಆಚೆ. ರಸ್ತೆ ಇಲ್ಲ. ಕುದುರೆ ಬೆನ್ನಿನ ಮೇಲೆ ಕಾಳು ಹೇರಿದರೆ 4 ಬುಶೆಲ್ ಹೋಗುತ್ತೆ. ಅದನ್ನೇ ವಿಸ್ಕಿ ಮಾಡಿ ಪೀಪಾಯಿಯಲ್ಲಿ ಹೇರಿದರೆ 24 ಬುಶೆಲ್ ಕಾಳಿನ ಬೆಲೆ ಅದೇ ಕುದುರೆ ಮೇಲೆ ಹೋಗುತ್ತೆ. ಕೊಳೆಯಲ್ಲ, ಇಲಿ ತಿನ್ನಲ್ಲ. ಅದಕ್ಕೇ ವಿಸ್ಕಿಗೆ ಸುಂಕ ಹಾಕಿದ್ದಕ್ಕೆ 1794ರಲ್ಲಿ ರೈತರು ದಂಗೆ ಎದ್ದರು, ಅಧ್ಯಕ್ಷ ವಾಷಿಂಗ್ಟನ್ ಸೈನ್ಯ ಕರೆದುಕೊಂಡು ಹೋಗಬೇಕಾಯ್ತು. 1820ರ ದಶಕದಲ್ಲಿ ಒಂದು ಗ್ಯಾಲನ್ ವಿಸ್ಕಿ 25 ಸೆಂಟಿಗೆ ಸಿಗುತ್ತಿತ್ತು. ಕಾಫಿ, ಟೀ ಹೊರದೇಶದ ಮಾಲು, ದುಬಾರಿ.

ಹಾಗಾದರೆ ಹಾಲು ಕುಡಿಯಬಹುದಿತ್ತಲ್ಲ ಅಂತೀರಾ? ಇಲ್ಲಿ ಹಾಲಿಗೂ ಹೆದರುತ್ತಿದ್ದರು. ಕಾಡಿನಲ್ಲಿ ಬಿಳಿ ಹೂವಿನ ಒಂದು ಗಿಡ, ಅದನ್ನು ಮೇಯ್ದ ಹಸುವಿನ ಹಾಲು ಕುಡಿದವರು ನಡುಕ, ವಾಂತಿ ಬಂದು ಸಾಯುತ್ತಿದ್ದರು. ‘ಹಾಲು ರೋಗ’ ಅಂತಲೇ ಕರೆಯುತ್ತಿದ್ದರು. ಅಬ್ರಹಾಂ ಲಿಂಕನ್ನನ ತಾಯಿ 1818ರಲ್ಲಿ ಇಂಡಿಯಾನಾದಲ್ಲಿ ತೀರಿಕೊಂಡಿದ್ದು ಇದರಿಂದ. ಮಗನಿಗೆ ಆಗ 9 ವರ್ಷ. ನೀರು ನಂಬೋ ಹಾಗಿಲ್ಲ, ಹಾಲು ನಂಬೋ ಹಾಗಿಲ್ಲ, ಮನೆಯಲ್ಲಿ ಪೀಪಾಯಿ ತುಂಬ ವಿಸ್ಕಿ ಇದೆ. ಮಗುವಿಗೆ ಕೆಮ್ಮು ಬಂದರೆ ತಾಯಿ ಏನು ಕೊಡುತ್ತಾಳೆ?

ಸಾಲುಮರ
ಅಕ್ಕಾ, ಜೋಳದ ವಿಷಯ ಒಪ್ಪಿದೆ. ಆದರೆ 1845ರ ಹೊತ್ತಿಗೆ ತಲಾ ಕುಡಿತ 2 ಗ್ಯಾಲನ್ನಿಗಿಂತ ಕೆಳಗೆ ಬಿತ್ತಲ್ಲ, 15 ವರ್ಷದಲ್ಲಿ! ಜೋಳ ಬೆಳೆಯೋದು ನಿಂತಿತ್ತಾ? 1825ರಲ್ಲಿ ಈರಿ ಕಾಲುವೆ ತೆರೆದು ಕಾಳು ಕಾಳಾಗಿಯೇ ಸಾಗೋಕೆ ಶುರುವಾಯ್ತು, ಸರಿ. ಆದರೆ ಮುಖ್ಯ ಕಾರಣ ಚರ್ಚುಗಳು, 1826ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಪಾನಸಂಯಮ ಸಂಘ, ಊರೂರಲ್ಲಿ ಪ್ರತಿಜ್ಞೆ. 1840ರಲ್ಲಿ ಬಾಲ್ಟಿಮೋರಿನ ಒಂದು ಹೆಂಡದಂಗಡಿಯಲ್ಲಿ ಕೂತಿದ್ದ ಆರು ಕುಡುಕರೇ ಇನ್ನು ಕುಡಿಯಲ್ಲ ಅಂತ ಪ್ರತಿಜ್ಞೆ ಮಾಡಿ ವಾಷಿಂಗ್ಟೋನಿಯನ್ ಚಳವಳಿ ಶುರು ಮಾಡಿದರು.

ನಾನು ಹೇಳಬೇಕಾದ್ದು ಏನೆಂದರೆ, ಆ ಮೊದಲ ಪ್ರತಿಜ್ಞಾಪತ್ರಗಳಲ್ಲೇ ‘ಔಷಧಿಯಾಗಿ ಹೊರತು’ ಅಂತ ಇರುತ್ತಿತ್ತು. ಮದ್ಯಕ್ಕೆ ಮರ್ಯಾದೆ ಹೋದ ಮೇಲೆ ಮರ್ಯಾದಸ್ಥರು ಕುಡಿಯೋಕೆ ಉಳಿದ ದಾರಿ ಅದೊಂದೇ. ನೆಪ ಹುಟ್ಟಿದ್ದು ಆಗ. ಅದಕ್ಕೂ ಮುಂಚೆ ನೆಪ ಯಾಕೆ ಬೇಕಿತ್ತು? ಬೆಳಗಿನ ತಿಂಡಿಗೂ ಕುಡಿಯುತ್ತಿದ್ದರಲ್ಲ!

1832ರ ಕಾಲರಾ ನೋಡಿ. ನ್ಯೂಯಾರ್ಕಿನಲ್ಲಿ ಅಂಟಿಸಿದ ಸೂಚನಾಪತ್ರದಲ್ಲಿ ಸಾರಾಯಿ ಮುಟ್ಟಬೇಡಿ ಅಂತ ಇತ್ತು. ಚಟ ಬಿಡೋಕೇ ಆಗದಿದ್ದರೆ ಮಾಮೂಲಿಗಿಂತ ಕಡಿಮೆ ಕುಡಿಯಿರಿ ಅಂತ ಕೆಳಗೆ ಸೇರಿಸಿದ್ದರು. ಇನ್ನೊಂದು ಕಡೆ ಅದೇ ಕಾಲರಾಕ್ಕೆ ವೈದ್ಯರು ಬ್ರಾಂಡಿ ಬರೆಯುತ್ತಿದ್ದರು.

ಹಳೇಸೀಸೆ
@ಸಾಲುಮರ ಇದು ಒಳ್ಳೆ ಪಾಯಿಂಟ್. ನಿಷೇಧ ಬಂದ ಮೇಲೆ ನೆಪ. ಹಾಗಾದರೆ ಮೇನ್ ರಾಜ್ಯದ ಕಥೆ ಇಲ್ಲಿ ಹೇಳಲೇಬೇಕು, ನನಗೆ ಓದುವಾಗ ತುಂಬ ಹಿಡಿಸಿದ್ದು ಅದೇ.

1851ರಲ್ಲಿ ಮೇನ್ ಇಡೀ ರಾಜ್ಯದಲ್ಲಿ ಮದ್ಯ ನಿಷೇಧಿಸಿತು. ಹಿಂದೆ ಇದ್ದವನು ನೀಲ್ ಡೌ, ಪೋರ್ಟ್‌ಲ್ಯಾಂಡ್ ಊರಿನ ಮೇಯರ್, ಹಟವಾದಿ. ಕಾನೂನಿನಲ್ಲಿ ಎರಡು ವಿನಾಯಿತಿ: ಔಷಧಿಗೆ, ಕೈಗಾರಿಕೆಗೆ. ಅದನ್ನು ಮಾರೋಕೆ ಊರಿನ ಆಡಳಿತವೇ ಒಬ್ಬ ಏಜೆಂಟನನ್ನು ನೇಮಿಸಬೇಕು. ಇನ್ನೊಂದು ಕಲಮು: ಎಲ್ಲಾದರೂ ಹೆಂಡ ಬಚ್ಚಿಟ್ಟಿದ್ದಾರೆ ಅಂತ ಮೂರು ಜನ ಮತದಾರರು ದೂರು ಕೊಟ್ಟರೆ ನ್ಯಾಯಾಧೀಶ ಶೋಧನಾ ವಾರಂಟ್ ಕೊಡಲೇಬೇಕು.

1855. ಡೌ ಮತ್ತೆ ಮೇಯರ್. ಔಷಧಿಗೆ ಅಂತ 1,600 ಡಾಲರಿನ ಮದ್ಯ ತರಿಸಿ ಸಿಟಿ ಹಾಲಿನಲ್ಲಿಟ್ಟ. ಆದರೆ ಏಜೆಂಟನ ನೇಮಕದ ಕಾಗದಪತ್ರ ಕ್ರಮವಾಗಿ ಆಗಿರಲಿಲ್ಲ, ಮಾಲು ಇವನ ಹೆಸರಿನಲ್ಲೇ ಬಂದಿತ್ತು. ಸುದ್ದಿ ಹಬ್ಬಿತು, ಮೇಯರ್ ಸಾಹೇಬರ ಸಿಟಿ ಹಾಲಿನಲ್ಲೇ ಹೆಂಡದ ದಾಸ್ತಾನಂತೆ! ವಿರೋಧಿಗಳು ಸುಮ್ಮನಿರುತ್ತಾರಾ? ಮೂರು ಜನ ಹೋಗಿ ದೂರು ಕೊಟ್ಟರು. ಅವನೇ ಬರೆದ ಕಲಮು. ವಾರಂಟ್ ಬಂತು.

ಜೂನ್ 2ರ ಸಂಜೆ ಸಿಟಿ ಹಾಲಿನ ಮುಂದೆ ಸಾವಿರಾರು ಜನ. ಪೋಲೀಸರು ಆ ಮದ್ಯವನ್ನು ಹೊರಗೆ ತಂದು ಚೆಲ್ಲಲಿ ಅಂತ ಕೂಗು. ಕಲ್ಲು ತೂರಾಟ. ಡೌ ಸೈನಿಕರನ್ನು ಕರೆಸಿ ಗುಂಡು ಹಾರಿಸೋಕೆ ಹೇಳಿದ. ಒಬ್ಬ ಸತ್ತ, ಏಳು ಜನಕ್ಕೆ ಗಾಯ. ಆಮೇಲೆ ಡೌ ಮೇಲೆ ಅವನದೇ ಕಾನೂನು ಮುರಿದ ಆರೋಪ ಹೊರಿಸಿ ವಿಚಾರಣೆ ನಡೆಯಿತು. ಖುಲಾಸೆಯಾದ. ಮಾರನೇ ವರ್ಷ ಕಾನೂನೇ ರದ್ದಾಯಿತು, 1858ರಲ್ಲಿ ಮತ್ತೆ ಬಂತು ಅನ್ನೋದು ಬೇರೆ. ರಾಜ್ಯಕ್ಕೆ ರಾಜ್ಯವೇ ಹೆಂಡ ಬಿಡಿಸಲು ಹೊರಟವನು ಕೂಡ ‘ಔಷಧಿಗೆ ಬೇಡ’ ಅನ್ನಲಿಲ್ಲ. ಅದು ಬೇಕೇ ಬೇಕು ಅಂತ ಅವನಿಗೂ ಅನುಮಾನವೇ ಇರಲಿಲ್ಲ. ಇದನ್ನು ನೆಪ ಅನ್ನೋಕೆ ನನಗೆ ನಾಲಿಗೆ ಬರ್ತಿಲ್ಲ.

ಜವಾರಿ_ರೊಟ್ಟಿ
ಬರೋಬ್ಬರಿ ಸಿಕ್ಕೊಂಡಾನ ನೋಡ್ರಿ ಮೇಯರ್ ಸಾಹೇಬ! ಆದ್ರ ಸಿಟಿ ಹಾಲಿನಾಗಿನ ಆ ಔಷಧಿ ಕೊಳ್ಳಾಕ ಬರೂ ಮಂದಿಗೆಲ್ಲಾ ಖರೇನs ಜ್ವರ ಇತ್ತೇನು?

ಕುಡ್ಲದ_ಪೋರ
ಸಿನಿಮಾದ ಗುಂಡೇಟಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲೇ ಇಲ್ಲ!

ಮದ್ದಿನಂಗಡಿ
ಕೊಡ್ತೀನಿ ಕೊಡ್ತೀನಿ. ಅದು ಬಹುಮಟ್ಟಿಗೆ ಸಿನಿಮಾವೇ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ಈಥರ್ ಅನ್ನೋ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದರು. 1861–65ರ ಅಂತರ್ಯುದ್ಧದ ಹೊತ್ತಿಗೆ ಕ್ಲೋರೋಫಾರ್ಮ್, ಈಥರ್ ಎರಡೂ ಬಳಕೆಯಲ್ಲಿದ್ದವು. ಕೈಕಾಲು ಕತ್ತರಿಸುವಾಗ ಹೆಚ್ಚಿನಂಶ ಅದನ್ನೇ ಕೊಡುತ್ತಿದ್ದರು. ವಿಸ್ಕಿ ಕುಡಿಸಿ ಬಾಯಲ್ಲಿ ಗುಂಡು ಕಚ್ಚಿಸೋದು ಅಪರೂಪ.

ಹಾಗಂತ ಸೈನ್ಯದಲ್ಲಿ ವಿಸ್ಕಿ ಇರಲಿಲ್ಲ ಅಂತಲ್ಲ. ಗಾಯಗೊಂಡವನಿಗೆ ಆಘಾತ ತಡೆಯೋಕೆ ಮೊದಲು ಒಂದು ಗುಟುಕು. ಜೌಗಿನಲ್ಲಿ ಬೀಡುಬಿಟ್ಟ ದಳಗಳಿಗೆ ಮಲೇರಿಯಾ ತಡೆಯೋಕೆ ವಿಸ್ಕಿಯಲ್ಲಿ ಕ್ವಿನೈನ್ ಕದಡಿ ಕೊಡುತ್ತಿದ್ದರು. ಕ್ವಿನೈನ್ ಎಂಥಾ ಕಹಿ ಅಂತ ಕುಡಿದವರಿಗೇ ಗೊತ್ತು. ವಿಸ್ಕಿ ಸಿಗುತ್ತೆ ಅನ್ನೋ ಆಸೆಗೆ ನುಂಗುತ್ತಿದ್ದರು. ಇಲ್ಲಿ ಕೆಲಸ ಮಾಡಿದ್ದು ಕ್ವಿನೈನ್, ಹೆಸರು ಬಂದಿದ್ದು ವಿಸ್ಕಿಗೆ. ಸೈನ್ಯದ ದಿನನಿತ್ಯದ ಸಾರಾಯಿ ಪಡಿಯನ್ನು 1832ರಲ್ಲೇ ನಿಲ್ಲಿಸಿ ಕಾಫಿ, ಸಕ್ಕರೆ ಕೊಟ್ಟಿದ್ದರು. ನೌಕಾಪಡೆಯಲ್ಲಿ ನಿಂತಿದ್ದು 1862ರ ಸೆಪ್ಟೆಂಬರಿನಲ್ಲಿ. ಪಡಿ ನಿಂತ ಮೇಲೆ ಆಸ್ಪತ್ರೆಯ ಪೀಪಾಯಿ ಮೇಲೆ ಎಲ್ಲರ ಕಣ್ಣು, ಅದಕ್ಕೆ ಬೀಗ.

ಓಹಿಯೋ_ಕನ್ನಡತಿ
ಹೆಂಗಸರ ಮಾತು ಬರಲೇ ಇಲ್ಲ ಈ ಥ್ರೆಡ್ಡಿನಲ್ಲಿ. ಸಲೂನಿಗೆ, ಅಂದರೆ ಇಲ್ಲಿನ ಹೆಂಡದಂಗಡಿಗೆ, ಕಾಲಿಡೋ ಹಾಗಿಲ್ಲ, ಮರ್ಯಾದೆ ಪ್ರಶ್ನೆ. ಆದರೆ ಟಾನಿಕ್ ಕುಡಿಯಬಹುದು. ಲಿಡಿಯಾ ಪಿಂಕಮ್ ಅನ್ನೋ ಮ್ಯಾಸಚೂಸೆಟ್ಸಿನ ಹೆಂಗಸು 1875ರಿಂದ ಮಾರಿದ ‘ವೆಜಿಟಬಲ್ ಕಾಂಪೌಂಡ್’ ಮುಟ್ಟಿನ ನೋವಿಗೆ, ಗರ್ಭಕೋಶದ ತೊಂದರೆಗೆ. ಅದರಲ್ಲಿ ಶೇ. 18ರ ಆಸುಪಾಸು ಆಲ್ಕೋಹಾಲ್! ವೈನಿಗಿಂತ ಗಟ್ಟಿ. ಆಕೆ ಸ್ವತಃ ಪಾನವಿರೋಧಿ. ಬೇರಿನ ಸಾರ ಕರಗಲು, ಕೆಡದೆ ಇರಲು ಹಾಕಿದ್ದು ಅಂತ ಸಮಜಾಯಿಷಿ.

ಬೈಯೋಕೆ ನನಗೆ ಮನಸ್ಸಿಲ್ಲ. ವೈದ್ಯರೆಲ್ಲ ಗಂಡಸರು, ಹೆಂಗಸರ ನೋವಿಗೆ ಚಾಕು ಹಿಡಿಯುತ್ತಿದ್ದರು ಅಥವಾ ‘ಹಿಸ್ಟೀರಿಯಾ’ ಅಂತ ಕೈತೊಳೆದುಕೊಳ್ಳುತ್ತಿದ್ದರು. ಬಾಟಲಿ ಮೇಲೆ ಒಬ್ಬ ಹೆಂಗಸಿನ ಮುಖ, ‘ನನಗೆ ಕಾಗದ ಬರೆಯಿರಿ’ ಅನ್ನೋ ಜಾಹೀರಾತು. ಕಾಗದಗಳು ರಾಶಿ ಬಿದ್ದವು.

ಇಲ್ಲೇ ಓಹಿಯೋದ ಹಿಲ್ಸ್‌ಬರೋದಲ್ಲಿ 1873ರ ಡಿಸೆಂಬರಿನಲ್ಲಿ ಹೆಂಗಸರು ಹಾಡು, ಪ್ರಾರ್ಥನೆ ಮಾಡುತ್ತ ಹೆಂಡದಂಗಡಿಗಳ ಮುಂದೆ ಹಿಮದಲ್ಲಿ ಮೊಣಕಾಲೂರಿದರು. ಅವರು ಬರೇ ಸಲೂನುಗಳಿಗೆ ಹೋಗಲಿಲ್ಲ, ಔಷಧಿ ಅಂಗಡಿಗಳಿಗೂ ಹೋಗಿ ವೈದ್ಯರ ಚೀಟಿ ಇಲ್ಲದೆ ಮಾರಲ್ಲ ಅಂತ ಸಹಿ ಹಾಕಿಸಿಕೊಂಡರು. ಸಹಿ ಹಾಕದ ಒಬ್ಬ ಅಂಗಡಿಯವನು ಇವರ ಮೇಲೆ ಕೋರ್ಟಿಗೂ ಹೋದ. ಊರಿನ ಕುಡಿತ ಎಲ್ಲಿ ನಡೀತಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಈ ಗಲಾಟೆಯಿಂದಲೇ 1874ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಮಹಿಳಾ ಕ್ರೈಸ್ತ ಪಾನಸಂಯಮ ಒಕ್ಕೂಟ ಹುಟ್ಟಿದ್ದು. 1886ರಲ್ಲಿ ಷಿಕಾಗೋದಲ್ಲಿ ಆಲ್ಕೋಹಾಲ್ ಇಲ್ಲದೆಯೇ ಚಿಕಿತ್ಸೆ ಮಾಡಿ ತೋರಿಸ್ತೀವಿ ಅಂತ ಆಸ್ಪತ್ರೆಯನ್ನೇ ತೆರೆದರು.

ಸಾಲುಮರ
ಅದೇ 1886ರಲ್ಲೇ ಅಲ್ವಾ ಕೋಕಾ-ಕೋಲಾ! ಅಟ್ಲಾಂಟಾದ ಔಷಧಿ ತಯಾರಕ ಜಾನ್ ಪೆಂಬರ್ಟನ್ ಮೊದಲು ಮಾರುತ್ತಿದ್ದುದು ಕೋಕಾ ಎಲೆ ಹಾಕಿದ ವೈನ್, ನರದೌರ್ಬಲ್ಯಕ್ಕೆ, ತಲೆನೋವಿಗೆ. ಊರು ಮದ್ಯ ನಿಷೇಧಕ್ಕೆ ಮತ ಹಾಕಿತು. ವೈನ್ ತೆಗೆದು ಸಕ್ಕರೆ ಪಾಕ ಹಾಕಿದ, ಔಷಧಿ ಅಂಗಡಿಯ ಸೋಡಾ ಜೊತೆ ಲೋಟಕ್ಕೆ 5 ಸೆಂಟಿಗೆ ಮಾರಾಟ. ಪೆಂಬರ್ಟನ್ ಅಂತರ್ಯುದ್ಧದ ಕೊನೇ ದಿನಗಳಲ್ಲಿ ಗಾಯಗೊಂಡು ಮಾರ್ಫಿನ್ ಚಟಕ್ಕೆ ಬಿದ್ದವನು, ಅದಕ್ಕೆ ಬದಲಿ ಹುಡುಕುತ್ತಿದ್ದ.

ಕಾನ್ಸಾಸ್ ಕೂಡ ಸೇರಿಸಿ. ಅಲ್ಲಿ 1881ರಿಂದ ನಿಷೇಧ, ಔಷಧಿ ಅಂಗಡಿಗೆ ಮಾತ್ರ ಪರವಾನಗಿ. ಕೊಳ್ಳುವವನು ಯಾವ ಕಾಯಿಲೆಗೆ ಅಂತ ಬರೆದು ಸಹಿ ಹಾಕಬೇಕಾಗಿ ಬಂತು. ಇಲ್ಲಿ ನಾನು ರೊಟ್ಟಿಯವರ ಪಕ್ಷ. ಕೊಡಲಿ ಹಿಡಿದು ಸಲೂನುಗಳನ್ನು ಪುಡಿ ಮಾಡಿ ಹೆಸರಾದ ಕ್ಯಾರಿ ನೇಷನ್ ತನ್ನ ಊರು ಮೆಡಿಸಿನ್ ಲಾಡ್ಜಿನಲ್ಲಿ ಮೊದಮೊದಲು ಕೈ ಹಾಕಿದ ಜಾಗಗಳಲ್ಲಿ ಒಂದು ಔಷಧಿ ಅಂಗಡಿ. ಪೀಪಾಯಿ ಬೀದಿಗೆ ಉರುಳಿಸಿ ಒಡೆದಳು. ಅವಳ ಮೊದಲ ಗಂಡ ಡಾಕ್ಟರು, ಕುಡಿದು ಕುಡಿದೇ ಸತ್ತವನು.

ಹಳೇಸೀಸೆ
ಬಾಟಲಿ ಅಂದಾಗ ನೆನಪಾಯ್ತು. ವಿಸ್ಕಿಯನ್ನು ಸೀಲು ಮಾಡಿದ ಬಾಟಲಿಯಲ್ಲಿ ಮಾತ್ರ ಮಾರುವ ಪದ್ಧತಿ ಶುರುವಾದದ್ದಕ್ಕೂ ವೈದ್ಯರೇ ಕಾರಣ! ಅಲ್ಲೀವರೆಗೆ ಪೀಪಾಯಿಯಿಂದ ಅಳೆದು ಕೊಡುತ್ತಿದ್ದರು. ನಡುವಿನವರು ಬಣ್ಣ, ಹೊಗೆಸೊಪ್ಪಿನ ರಸ, ಏನೇನೋ ಬೆರೆಸುತ್ತಿದ್ದರು. ರೋಗಿಗೆ ಒಂದೇ ಗುಣಮಟ್ಟದ್ದು ಬೇಕು ಅಂತ ಡಾಕ್ಟರುಗಳು ದೂರಿದಾಗ 1870ರಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಔಷಧಿ ವ್ಯಾಪಾರ ಮಾಡುತ್ತಿದ್ದ ಜಾರ್ಜ್ ಗಾರ್ವಿನ್ ಬ್ರೌನ್, ಓಲ್ಡ್ ಫಾರೆಸ್ಟರ್ ಅನ್ನೋ ಸೀಲು ಬಾಟಲಿಯ ವಿಸ್ಕಿ ತಂದ. 1897ರಲ್ಲಿ ಸರ್ಕಾರವೇ ಕಾನೂನು ಮಾಡಿತು: ಒಂದೇ ಭಟ್ಟಿ, ಒಂದೇ ಹಂಗಾಮು, ಸರ್ಕಾರಿ ಬೀಗದ ಗೋದಾಮಿನಲ್ಲಿ ಕನಿಷ್ಠ 4 ವರ್ಷ, 100 ಪ್ರೂಫ್, ಅಂದರೆ ಶೇ. 50.

ಮದ್ದಿನಂಗಡಿ
ಕೊನೆಯದಾಗಿ ವೈದ್ಯರ ಕಡೆಯಿಂದ. ಎಲ್ಲ ವೈದ್ಯರೂ ಒಂದೇ ಮಾತು ಅಂದುಕೊಳ್ಳಬೇಡಿ. ಷಿಕಾಗೋದ ನೇಥನ್ ಸ್ಮಿತ್ ಡೇವಿಸ್, ಅಮೆರಿಕನ್ ವೈದ್ಯ ಸಂಘವನ್ನು 1847ರಲ್ಲಿ ಕಟ್ಟಿದವರಲ್ಲಿ ಪ್ರಮುಖ. ಆಲ್ಕೋಹಾಲ್ ಉತ್ತೇಜಕ ಅಲ್ಲ, ಕುಗ್ಗಿಸುವ ವಸ್ತು ಅಂತ ದಶಕಗಟ್ಟಲೆ ವಾದಿಸಿದ, ಸಹೋದ್ಯೋಗಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಟಾನಿಕ್‌ಗಳಿಗೆ ಪೆಟ್ಟು ಬಿದ್ದದ್ದು 1905ರಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಕಾಲಿಯರ್ಸ್ ಪತ್ರಿಕೆಯಲ್ಲಿ ಬಯಲಿಗೆಳೆದಾಗ. ಪೆರೂನಾ ಅನ್ನೋ ನೆಗಡಿ ಔಷಧಿಯಲ್ಲಿ ಶೇ. 28 ಆಲ್ಕೋಹಾಲ್ ಇತ್ತು, ಮೂಲನಿವಾಸಿಗಳ ಮೀಸಲು ಪ್ರದೇಶಗಳಲ್ಲಿ ಅದರ ಮಾರಾಟವನ್ನೇ ನಿಲ್ಲಿಸಬೇಕಾಯಿತು. 1906ರ ಕಾನೂನು ಆಲ್ಕೋಹಾಲ್ ಎಷ್ಟಿದೆ ಅಂತ ಲೇಬಲ್ ಮೇಲೆ ಹಾಕಿ ಅಂದಿತು. ಕುಡಿಯಬೇಡಿ ಅಂತ ಹೇಳಲಿಲ್ಲ, ಹೇಳಿ ಕುಡಿಸಿ ಅಂದಿತು ಅಷ್ಟೆ.

1916ರಲ್ಲಿ ವಿಸ್ಕಿ, ಬ್ರಾಂಡಿಯನ್ನು ಔಷಧಿಗಳ ಅಧಿಕೃತ ಪಟ್ಟಿಯಿಂದ ಕೈಬಿಟ್ಟರು. 1917ರಲ್ಲಿ ವೈದ್ಯ ಸಂಘವೇ ಇದರಿಂದ ಪ್ರಯೋಜನವಿಲ್ಲ ಅಂತ ಗೊತ್ತುವಳಿ ಮಾಡಿತು. 1920ರಲ್ಲಿ ದೇಶವ್ಯಾಪಿ ನಿಷೇಧ ಬಂತು, ವೈದ್ಯರ ಚೀಟಿಗೆ ಮಾತ್ರ ವಿನಾಯಿತಿ. 1922ರಲ್ಲಿ ಅದೇ ಸಂಘ ತನ್ನ ವೈದ್ಯರನ್ನೇ ಕೇಳಿದಾಗ ಉತ್ತರಿಸಿದವರಲ್ಲಿ ಶೇ. 51 ಜನ ವಿಸ್ಕಿ ಚಿಕಿತ್ಸೆಗೆ ಅಗತ್ಯ ಅಂದರು!

ಜವಾರಿ_ರೊಟ್ಟಿ
ಮೇಷ್ಟ್ರ, ಒಂದು ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ಆ ಚೀಟಿ ಬರಿಯಾಕ ಡಾಕ್ಟರ್ ರೊಕ್ಕ ತಗೋತಿದ್ರೋ ಇಲ್ಲೋ?

ಮದ್ದಿನಂಗಡಿ
ತಗೋತಿದ್ದರು.

ಜವಾರಿ_ರೊಟ್ಟಿ
ಆತು ಬಿಡ್ರಿ. ಹಾವಿಂದು, ಜ್ವರದ್ದು, ನಿಮ್ಮ ಕಡೆ. 1920ರ ಮ್ಯಾಲಿಂದು ನನ್ನ ಕಡೆ. ಸೀಸೆ ಅವರ, ಅದಕ್ಕ ಬ್ಯಾರೆ ಥ್ರೆಡ್ ತಗೀರಿ, ಹತ್ತ ದಿನಕ್ಕ ಒಂದು ಪೈಂಟ್ ಅಂತ ಲೆಕ್ಕ ಹಚ್ಚಿ ಕೊಡ್ತಿದ್ರಂತ, ಅದನ್ನ ಕ್ವಾರ್ಟರ್ ಲೆಕ್ಕದಾಗ ನೀವs ಹೇಳ್ರಿ.